ಷೇಕ್ಸ್‌ಪಿಯರನ ಸರ್ಟಿಫಿಕೇಟು ಯಾರಿಗೆ ಬೇಕು?

2011ರಲ್ಲಿ ಇಂಗ್ಲೆಂಡಿನ ಒಂದು ವೇದಿಕೆ. ಅಕಲಾ ಎಂಬ ಲಂಡನ್ನಿನ ಕಪ್ಪು ರ‍್ಯಾಪ್ ಹಾಡುಗಾರ ಒಂದೊಂದೇ ಸಾಲು ಹೇಳಿ, ಇದು ಹಿಪ್ ಹಾಪಿನದೋ ಷೇಕ್ಸ್‌ಪಿಯರನದೋ ಕೈ ಎತ್ತಿ ಅನ್ನುತ್ತಾನೆ. ಓದಿದ ಜನವೇ ತಡವರಿಸುತ್ತಾರೆ. ಈ ಆಟವನ್ನು ಮೆಚ್ಚಿದವರು ಬಹಳ. ಆದರೆ ಮೆಚ್ಚುವ ಮೊದಲು ದಲಿತ ವಿಮರ್ಶೆ ಒಂದು ಪ್ರಶ್ನೆ ಕೇಳಬೇಕು: ತಳದವರ ಹಾಡು ಕಾವ್ಯವೇ ಅಂತ ಸಾಬೀತು ಮಾಡೋಕೆ ಷೇಕ್ಸ್‌ಪಿಯರನ ಸರ್ಟಿಫಿಕೇಟು ಯಾಕೆ ಬೇಕು?

ಅಕಲಾನ ಹೆಸರು ಕಿಂಗ್ಸ್‌ಲೀ ಡೇಲಿ. ಹುಟ್ಟಿದ್ದು 1983ರಲ್ಲಿ, ಬೆಳೆದದ್ದು ಲಂಡನ್ನಿನ ಕ್ಯಾಮ್ಡೆನ್ನಿನಲ್ಲಿ. ತಂದೆಯ ಕಡೆ ಜಮೈಕಾ, ತಾಯಿ ಸ್ಕಾಟ್‌ಲೆಂಡ್ ಮೂಲದ ಬಿಳಿಯ ಹೆಂಗಸು, ಮನೆಯಲ್ಲಿ ಬಡತನ. ಅಕ್ಕ ಮಿಸ್ ಡೈನಮೈಟ್ 2002ರಲ್ಲಿ ಮರ್ಕ್ಯುರಿ ಪ್ರಶಸ್ತಿ ಪಡೆದ ಹಾಡುಗಾರ್ತಿ. ಈತ ಇಟ್ಟುಕೊಂಡ ಹೆಸರು ಬೌದ್ಧರದು. ಅಲುಗದವನು ಅಂತ ಅರ್ಥ. ನಮ್ಮ ‘ಅಚಲ’ವೇ ಅದು. 2006ರಲ್ಲಿ ‘ಇಟ್ಸ್ ನಾಟ್ ಎ ರೂಮರ್’ ಆಲ್ಬಮ್ ಬಂತು, ಅದೇ ವರ್ಷ ಮೊಬೊ ಪ್ರಶಸ್ತಿಯೂ ಬಂತು. ದೊಡ್ಡ ಕಂಪನಿಗಳ ಹಂಗಿಲ್ಲದೆ ತನ್ನದೇ ಇಲ್ಲಾ ಸ್ಟೇಟ್ ಲೇಬಲ್ಲಿನಿಂದ ಹಾಡು ಹೊರಡಿಸಿದ. 2009ರಲ್ಲಿ ಹಿಪ್ ಹಾಪ್ ಷೇಕ್ಸ್‌ಪಿಯರ್ ಕಂಪನಿ ಕಟ್ಟಿದ.

ಆ ಆಟದ ಹಿಂದೆ ಒಂದು ಅವಮಾನ ಇದೆ. ಚೆನ್ನಾಗಿ ಓದುತ್ತಿದ್ದ ತನ್ನನ್ನು ಪ್ರೈಮರಿ ಶಾಲೆಯಲ್ಲಿ ಕಲಿಕೆಯಲ್ಲಿ ಹಿಂದುಳಿದವರ ಗುಂಪಿಗೆ ಹಾಕಿದ್ದನ್ನು 2018ರ ‘ನೇಟಿವ್ಸ್’ ಪುಸ್ತಕದಲ್ಲಿ ಈತ ಬರೆದಿದ್ದಾನೆ. ಇದು ಒಬ್ಬ ಟೀಚರಿನ ತಪ್ಪು ಮಾತ್ರ ಅಲ್ಲ. ವೆಸ್ಟ್ ಇಂಡೀಸ್ ಮೂಲದ ಮಕ್ಕಳನ್ನು ಬ್ರಿಟಿಷ್ ಶಾಲೆಗಳು ಹೇಗೆ ದಡ್ಡರನ್ನಾಗಿ ಮಾಡುತ್ತವೆ ಅಂತ ಗ್ರೆನಡಾದ ಬರ್ನಾರ್ಡ್ ಕೋರ್ಡ್ 1971ರಲ್ಲೇ ಕಿರುಹೊತ್ತಿಗೆ ಬರೆದಿದ್ದ. ಇಂಥ ಶಾಲೆಗಳಿಗೆ ಉತ್ತರವಾಗಿ ಕಪ್ಪು ಜನ ತಮ್ಮ ಮಕ್ಕಳಿಗೆ ಶನಿವಾರದ ಶಾಲೆಗಳನ್ನು ನಡೆಸಿದರು. ಅಕಲಾ ಅಂಥದೊಂದರಲ್ಲಿ ಕಲಿತವನು.

ಹೀಗಾಗಿ ಆ ಆಟವನ್ನು ಎರಡು ಥರ ಓದಬಹುದು. ಒಂದು, ಅದು ಯಜಮಾನ ಸಂಸ್ಕೃತಿಯ ಮುಂದೆ ಇಟ್ಟ ಅರ್ಜಿ. ಇನ್ನೊಂದು, ಅದು ಕೇಳುವವರ ಕಿವಿಯನ್ನೇ ಪರೀಕ್ಷೆಗೆ ಒಡ್ಡುವುದು. ಸಾಲು ಬದಲಾಗಿಲ್ಲ, ಹೇಳಿದವನು ಯಾರು ಅನ್ನೋದರ ಮೇಲೆ ಬೆಲೆ ಕಟ್ಟುತ್ತೀರಲ್ಲ, ಅಂತ ಮುಖಕ್ಕೆ ಹೇಳುವುದು. ನಾನು ಎರಡನೆಯ ಓದಿನ ಪರ. ಆದರೂ ತಕರಾರು ಉಳಿಯುತ್ತದೆ. ರ‍್ಯಾಪೂ ಷೇಕ್ಸ್‌ಪಿಯರನಷ್ಟೇ ಚೆನ್ನ ಅಂದುಕೊಂಡು ಮನೆಗೆ ಹೋದವನ ಅಳತೆಗೋಲು ಮೊದಲಿನದೇ. 1973ರಲ್ಲಿ ಬಸವಲಿಂಗಪ್ಪನವರು ‘ಬೂಸಾ’ ಅಂದಾಗ ಅಳತೆಗೋಲಿಗೇ ಏಟು ಬಿದ್ದಿತ್ತು. ಅದಕ್ಕೇ ಅಷ್ಟು ಗಲಾಟೆಯಾಯಿತು, ಮಂತ್ರಿ ಪದವಿಯೂ ಹೋಯಿತು. 1975ರ ‘ಹೊಲೆಮಾದಿಗರ ಹಾಡು’ ಪಂಪನ ಸಾಲಿನ ಪಕ್ಕ ನಿಲ್ಲಿಸಿ ನೋಡಿ ಅಂತ ಯಾರನ್ನೂ ಕೇಳಲಿಲ್ಲ.

ಅಕಲಾ ಇಂಥ ಅರ್ಜಿಯ ಹಂಗು ಬಿಟ್ಟದ್ದು 2013ರ ‘ದ ಥೀವ್ಸ್ ಬ್ಯಾಂಕ್ವೆಟ್’ನಲ್ಲಿ. ಸೈತಾನ ಕರೆದ ಔತಣಕ್ಕೆ ರಾಜ, ಧರ್ಮಗುರುಗಳು, ಸರ್ವಾಧಿಕಾರಿ, ಬ್ಯಾಂಕಿನವರು ಬಂದು, ದೊಡ್ಡ ಕಳ್ಳ ಯಾರು ಅಂತ ಪೈಪೋಟಿಗೆ ನಿಲ್ಲುತ್ತಾರೆ. ಗೂಗಿ ವಾ ಥಿಯಾಂಗೊ ಜೈಲಿನಲ್ಲಿ ಕುಳಿತು, ತನ್ನ ಗಿಕುಯು ಭಾಷೆಯಲ್ಲಿ ಬರೆದ ‘ಡೆವಿಲ್ ಆನ್ ದಿ ಕ್ರಾಸ್’ ಕಾದಂಬರಿಯಲ್ಲೂ ಇಂಥದೇ ಕಳ್ಳರ ಸ್ಪರ್ಧೆ ಇದೆ. ಇಲ್ಲಿ ಅಕಲಾನ ಪಂಕ್ತಿ ಬದಲಾಗಿದೆ. ಸಾಕ್ಷಿ ಹೇಳಲು ಷೇಕ್ಸ್‌ಪಿಯರ್ ಬೇಕಿಲ್ಲ, ಆಫ್ರಿಕಾದ ಕಥೆ ಸಾಕು. ಹಾಡು ಯಜಮಾನನ ಕಿವಿಯ ಚಿಂತೆ ಬಿಟ್ಟು ಅವನ ಕೈಚಳಕದ ಲೆಕ್ಕ ತೆಗೆಯುತ್ತದೆ.

2018ರಲ್ಲಿ ಎರಡು ವಿಶ್ವವಿದ್ಯಾಲಯಗಳು ಈತನಿಗೆ ಗೌರವ ಡಾಕ್ಟರೇಟ್ ಕೊಟ್ಟವು. ‘ನೋಡಿ, ಪ್ರತಿಭೆ ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು’ ಅನ್ನುವವರಿಗೆ ಇದೊಂದು ಒಳ್ಳೆಯ ಉದಾಹರಣೆ ಸಿಕ್ಕಂತೆ. ಮೀಸಲಾತಿಯ ಮಾತು ಬಂದಾಗಲೆಲ್ಲ ಇದೇ ವಾದ ಕೇಳಿದವರು ನಾವು. ಆದರೆ ‘ನೇಟಿವ್ಸ್’ ಈ ವಾದಕ್ಕೆ ಒಪ್ಪುವುದಿಲ್ಲ. ಬಣ್ಣವನ್ನು, ವರ್ಗವನ್ನು, ಸಾಮ್ರಾಜ್ಯದ ಚರಿತ್ರೆಯನ್ನು ಒಟ್ಟಿಗೇ ಇಟ್ಟು ತನ್ನ ಬದುಕನ್ನು ಓದುತ್ತದೆ. ತಾನು ಉಳಿದದ್ದು ಒಬ್ಬನ ಪ್ರತಿಭೆಯಿಂದಲ್ಲ, ತಾಯಿಯಿಂದ, ಸಮುದಾಯದಿಂದ, ಆ ಶನಿವಾರದ ಶಾಲೆಯಿಂದ ಅನ್ನುತ್ತದೆ.

ನಮ್ಮ ಹುಡುಗರು ಈಗ ರ‍್ಯಾಪ್ ಕಟ್ಟುತ್ತಿದ್ದಾರೆ. ಕಟ್ಟಲಿ, ಸಂತೋಷ. ಅಕಲಾನಿಂದ ಅವರು ತಾಳ ಒಂದನ್ನೇ ಕಲಿತರೆ ಸಾಲದು. ಅವನ ಹಿಂದೆ ಒಂದು ಶನಿವಾರದ ಶಾಲೆ ಇತ್ತು. ನಮ್ಮ ಕೇರಿಯಲ್ಲಿ ಅಂಥದು ಎಲ್ಲಿದೆ, ನಡೆಸುವವರು ಯಾರು ಅನ್ನೋದನ್ನೂ ಕೇಳಬೇಕು.