ಬೈಟಿನ ತಕ್ಕಡಿಯಲ್ಲಿ ಕನ್ನಡ

ಮಾಹಿತಿಯನ್ನು ಬೈಟುಗಳ ಸಾಲಾಗಿ ಕಟ್ಟುವ ಬೈನರಿ ವಿಧಾನಗಳನ್ನು ಹೋಲಿಸುವ ಬರಹಗಳಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ: ಜೇಸನ್ ಇಷ್ಟು ಬೈಟು, ಪ್ರೋಟೋಕಾಲ್ ಬಫರ್ಸ್ ಅದರ ಅರ್ಧ, ಮೆಸೇಜ್‌ಪ್ಯಾಕ್ ನಡುವೆ ಎಲ್ಲೋ. ನನ್ನ ತಕರಾರು ತೂಕದ ಬಗ್ಗೆಯಲ್ಲ, ತಕ್ಕಡಿಗೆ ಹಾಕಿದ ಸರಕಿನ ಬಗ್ಗೆ. ಅದು ಸಾಮಾನ್ಯವಾಗಿ ಇಂಗ್ಲಿಷ್ ಪದ ಮತ್ತು ಅಂಕಿ. ದೋಹಾದ ನಮ್ಮಂಥ ಸಂಘದ ಸದಸ್ಯರ ಪಟ್ಟಿಯಲ್ಲಿ ಇರುವುದು ಕನ್ನಡದಲ್ಲಿ ಬರೆದ ಹೆಸರು, ಊರು. ಜೊತೆಗೆ ಕತಾರ್ ಐಡಿ, ದೂರವಾಣಿ ಸಂಖ್ಯೆ.

‘ಕನ್ನಡ’ ಎಂಬ ಪದವನ್ನೇ ತೂಗಿ ನೋಡಿದೆ. ಯೂನಿಕೋಡಿನಲ್ಲಿ ಅದು ಕ, ನ, ಹಲಂತ, ನ, ಡ ಎಂಬ 5 ಸಂಕೇತ. ಯುಟಿಎಫ್-8ರಲ್ಲಿ ತಲಾ 3 ಬೈಟು, ಒಟ್ಟು 15. ಜೇಸನ್ ಎರಡು ಉದ್ಧರಣ ಚಿಹ್ನೆ ಸೇರಿಸಿ 17 ಮಾಡುತ್ತದೆ. ಮೆಸೇಜ್‌ಪ್ಯಾಕ್, ಸೀಬೋರ್ 16. ಪ್ರೋಟೋಕಾಲ್ ಬಫರ್ಸ್, ಫೀಲ್ಡಿನ ಗುರುತೂ ಸೇರಿ, ಮತ್ತೆ 17! ಹಾಗಾದರೆ ‘ಅರ್ಧ’ ಎಲ್ಲಿಂದ ಬಂತು? ಪೈಥಾನಿನ ಜೇಸನ್ ಸೌಲಭ್ಯ, ನಾವು ಬೇಡವೆನ್ನದಿದ್ದರೆ, ಪ್ರತಿ ಕನ್ನಡ ಸಂಕೇತವನ್ನೂ 6 ಬೈಟಿನ ಎಸ್ಕೇಪ್ ಆಗಿ ಬರೆಯುತ್ತದೆ; ಆಗ 17 ಹೋಗಿ 32 ಆಗುತ್ತದೆ. ಅಂಥ ಜೇಸನ್ ಎದುರು ಯಾವ ಬೈನರಿಯೂ ಗೆಲ್ಲುತ್ತದೆ. ಒಂದು ಆಯ್ಕೆ ಬದಲಿಸಿದರೆ ಕರಗುವ ಗೆಲುವು ಅದು.

ನಿಜವಾದ ಉಳಿತಾಯ ಇರುವುದು ಬೇರೆಡೆ. ಜೇಸನ್, ಮೆಸೇಜ್‌ಪ್ಯಾಕ್, ಸೀಬೋರ್ ಮೂರೂ ಸಾಮಾನ್ಯ ಬಳಕೆಯಲ್ಲಿ ಫೀಲ್ಡಿನ ಹೆಸರನ್ನು ಪ್ರತಿ ದಾಖಲೆಯಲ್ಲೂ ಬರೆಯುತ್ತವೆ. ಪ್ರೋಟೋಕಾಲ್ ಬಫರ್ಸ್ ಅದರ ಜಾಗದಲ್ಲಿ ಒಂದು ಸಂಖ್ಯೆ ಇಡುತ್ತದೆ. ಕತಾರ್ ಐಡಿಯ 11 ಅಂಕಿಗಳನ್ನು ಅದು 5 ಬೈಟಿನಲ್ಲಿ ಹಿಡಿಸುತ್ತದೆ, ಸೀಬೋರ್‌ಗೆ 9 ಬೇಕು. ಇದೇ ಉತ್ಸಾಹದಲ್ಲಿ ಊರಿನ ಫೋನನ್ನೂ ಸಂಖ್ಯೆಯಾಗಿ ತುಂಬಿದವರಿಗೆ ಬೆಂಗಳೂರಿನ 080 ಬರೀ 80 ಆಗಿ ಸಿಗುತ್ತದೆ.

ಆದರೆ ಆ ಸಂಖ್ಯೆಗೇ ಒಂದು ಬೆಲೆ ಇದೆ, ಕೋಷ್ಟಕದಲ್ಲಿ ಅದಕ್ಕೆ ಕಲಮಿಲ್ಲ. 2008ರಲ್ಲಿ ಗೂಗಲ್ ಹೊರಗಿನವರಿಗೆ ತೆರೆದ ಪ್ರೋಟೋಕಾಲ್ ಬಫರ್ಸ್‌ನ ಕಡತ ತನ್ನಷ್ಟಕ್ಕೆ ತಾನು ಹೇಳುವುದು ‘1ನೆಯದು, 2ನೆಯದು’ ಎಂದಷ್ಟೇ; ಯಾವುದು ಹೆಸರು, ಯಾವುದು ಊರು ಎಂಬುದು ಬೇರೊಂದು ಸ್ಕೀಮಾ ಕಡತದಲ್ಲಿ. ಇಲ್ಲಿ ಕೆಲಸ ಮುಗಿದವರು ಊರಿಗೆ ಹೊರಡುತ್ತಾರೆ, ಅವರ ಲ್ಯಾಪ್‌ಟಾಪೂ ಹೊರಡುತ್ತದೆ. ಸ್ಕೀಮಾ ಅದರಲ್ಲೇ ಉಳಿದರೆ ಮುಂದಿನ ಸಮಿತಿ ಊಹೆಯಲ್ಲೇ ಓದಬೇಕು. ಆವ್ರೊ ಕಡತ ತನ್ನ ಸ್ಕೀಮಾವನ್ನು ತಲೆಯ ಮೇಲೆ ಹೊತ್ತುಕೊಂಡೇ ಇರುತ್ತದೆ. ಸೀಬೋರ್ ಸ್ಕೀಮಾ ಇಲ್ಲದೆಯೂ ಬಿಡಿಸಿಕೊಳ್ಳುತ್ತದೆ. ಮೆಸೇಜ್‌ಪ್ಯಾಕ್ ಕೂಡ ಹಾಗೆಯೇ, ಆದರೆ 2013ಕ್ಕೆ ಮುಂಚಿನ ಅದರ ಕಡತಗಳಲ್ಲಿ ಪಠ್ಯ, ಚಿತ್ರ ಎರಡಕ್ಕೂ ಒಂದೇ ಮುದ್ರೆ. ಕ್ಷಣಕ್ಷಣಕ್ಕೂ ಸಂದೇಶ ಕಳಿಸುವ ಸರ್ವರುಗಳಿಗೆ ಪ್ರೋಟೋಕಾಲ್ ಬಫರ್ಸ್ ಸರಿ. ಇಪ್ಪತ್ತು ವರ್ಷ ಇಡಬೇಕಾದ ಪಟ್ಟಿಗೆ ನಾನಂತೂ ಒಪ್ಪುವುದಿಲ್ಲ.

ಜಾಗದ ಚಿಂತೆ ಇದ್ದವರು ಇದನ್ನು ಗಮನಿಸಬಹುದು: ಕನ್ನಡದ ಪ್ರತಿ ಸಂಕೇತದ 3 ಬೈಟುಗಳಲ್ಲಿ ಮೊದಲನೆಯದು ಸದಾ ಒಂದೇ, ಎರಡನೆಯದಕ್ಕೆ ಎರಡೇ ರೂಪ. ಇಷ್ಟು ಪುನರಾವರ್ತನೆಯನ್ನು ಸಾಧಾರಣ ಜಿಪ್ ಸುಲಭವಾಗಿ ಹಿಂಡುತ್ತದೆ. ಎಸ್ಕೇಪ್ ತೆಗೆದ ಜೇಸನ್, ಅದರ ಮೇಲೊಂದು ಜಿಪ್. ನಮ್ಮ ಪಟ್ಟಿಗೆ ನನ್ನ ಮತ ಅದಕ್ಕೆ.