ರಾಗಿ ಹೊಲಕ್ಕೆ ಯಾವ ಕಪ್ಪು-ಬಿಳುಪು ಫಿಲ್ಮ್?

1927ರ ಏಪ್ರಿಲ್ 10ರಂದು ಅಮೆರಿಕದ ಯೋಸೆಮಿಟಿಯಲ್ಲಿ ಆನ್ಸೆಲ್ ಆಡಮ್ಸ್ ಅವರು ಹಾಫ್ ಡೋಮ್ ಎಂಬ ಬೃಹತ್ ಬಂಡೆಯನ್ನು ಮೊದಲು ಹಳದಿ ಫಿಲ್ಟರ್ ಹಾಕಿ ಚಿತ್ರಿಸಿದರು. ಆಕಾಶ ಬಯಸಿದಷ್ಟು ಗಾಢವಾಗದೆಂದು ತೋರಿ, ಉಳಿದಿದ್ದ ಕೊನೆಯ ಗಾಜಿನ ಫಲಕಕ್ಕೆ ಕಡುಗೆಂಪು ಫಿಲ್ಟರ್ ಬಳಸಿದರು. ನೀಲಿ ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಕೆಂಪನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕವಾದ್ದರಿಂದಲೇ ಇದು ಸಾಧ್ಯವಾಯಿತು.

ಚಿತ್ರ ಶ್ರೇಷ್ಠವಾದುದೇ. ತಕರಾರಿರುವುದು 'ಭೂದೃಶ್ಯಕ್ಕೆ ಸಣ್ಣ ಕಣದ ಪ್ಯಾನ್ ಫಿಲ್ಮ್, ಜೊತೆಗೆ ಕೆಂಪು ಫಿಲ್ಟರ್' ಎಂದು ಎಲ್ಲೆಡೆ ಒಪ್ಪಿಸುವ ಸಲಹೆಯ ಬಗ್ಗೆ. ಮದ್ದೂರು ತಾಲ್ಲೂಕಿನ ಆತಗೂರಿನ ಕಡೆಯ ಮಳೆಗಾಲದ ರಾಗಿ ಹೊಲವೊಂದಕ್ಕೆ ಇದನ್ನು ಅನ್ವಯಿಸಿ ನೋಡಿ. ಕೆಂಪು ಮಣ್ಣು, ಹಸಿರು ಪೈರು, ಮೇಲೆ ಮೋಡ. ಮೋಡದ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವು. ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುತ್ತವೆ. ಅಲ್ಲಿ ಕೆಂಪು ಫಿಲ್ಟರಿಗೆ ತಡೆಯಲು ನೀಲಿಯೇ ಇಲ್ಲ. ಮೇಲಾಗಿ ಅದು ಸುಮಾರು ಎಂಟು ಪಟ್ಟು ಹೆಚ್ಚು ಎಕ್ಸ್‌ಪೋಷರ್ ಬೇಡುತ್ತದೆ. ಅಷ್ಟರಲ್ಲಿ ಗಾಳಿಗೆ ಪೈರು ಅಲುಗಿ ಮಸುಕಾಗುತ್ತದೆ. ಪತ್ರಹರಿತ್ತು ಕೆಂಪನ್ನು ಹೀರುವುದರಿಂದ ಪೈರು ಕಪ್ಪಾಗಿ, ಮಣ್ಣು ಬೆಳ್ಳಗಾಗುತ್ತದೆ. ಮಳೆಯುಂಡ ಹೊಲ ಬರದ ಹೊಲದಂತೆ ಕಾಣುತ್ತದೆ! ಫಿಲ್ಟರ್ ಇಲ್ಲದಿದ್ದರೆ ಮಣ್ಣು, ಪೈರು ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಇಳಿಯಬಹುದು.

ಆದ್ದರಿಂದ ಮೊದಲು ಕೇಳಬೇಕಾದದ್ದು ಕಣದ ಗಾತ್ರವನ್ನಲ್ಲ, ಫಿಲ್ಮು ರೋಹಿತದ ಯಾವ ಭಾಗವನ್ನು ಗ್ರಹಿಸುತ್ತದೆ ಎಂಬುದನ್ನು. ಸಾದಾ ಬೆಳ್ಳಿಯ ಲವಣ ಮುಖ್ಯವಾಗಿ ನೀಲಿಗೆ, ಅತಿನೇರಿಳೆಗೆ ಸ್ಪಂದಿಸುತ್ತದೆ. ವರ್ಣದ್ರವ್ಯ ಸೇರಿಸಿ ಈ ಮಿತಿಯನ್ನು ವಿಸ್ತರಿಸಬಹುದೆಂದು ಜರ್ಮನಿಯ ಫೋಗೆಲ್ 1873ರಲ್ಲಿ ಕಂಡುಕೊಂಡರು. ಹಸಿರಿನವರೆಗೆ ಗ್ರಹಿಸಿ ಕೆಂಪಿಗೆ ಕುರುಡಾದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಇದರಲ್ಲಿ ಪೈರು ತಿಳಿಯಾಗಿ, ಕೆಂಪು ಮಣ್ಣು ಗಾಢವಾಗಿ ಮೂಡಿ ಸಾಲುಗಳು ಬೇರ್ಪಡುತ್ತವೆ. ಇಲ್‌ಫರ್ಡ್ ಸಂಸ್ಥೆ 2019ರಲ್ಲಿ ಇಂತಹ ರೋಲನ್ನು ತಂದಿತು. ಹಗಲಿನಲ್ಲಿ ಅದರ ವೇಗ ಐಎಸ್‌ಒ 80.

ದೋಷವೂ ಇದೆ. ಹೊಲದಲ್ಲಿ ಕಳೆ ಕೀಳುವವರ ಮುಖ ಆರ್ಥೊದಲ್ಲಿ ಇರುವುದಕ್ಕಿಂತ ಕಪ್ಪಾಗುತ್ತದೆ. ಜನರಿದ್ದರೆ, ಗಾಳಿ ಬೀಸುತ್ತಿದ್ದರೆ ನನ್ನ ಆಯ್ಕೆ 400ರ ವೇಗದ ಪ್ಯಾನ್ ಫಿಲ್ಮ್, ಹಳದಿ-ಹಸಿರು ಫಿಲ್ಟರ್. ಕಣ ಸ್ವಲ್ಪ ಕಂಡರೆ ಕಾಣಲಿ. ಸುಮಾರು 740 ನ್ಯಾನೋಮೀಟರಿನವರೆಗೆ ಗ್ರಹಿಸುವ ಫಿಲ್ಮಿಗೆ ಸೂಕ್ತ ಫಿಲ್ಟರ್ ಹಾಕಿದರೆ ಎಲೆಗಳು ಬೆಳ್ಳಗೆ ಹೊಳೆಯುತ್ತವೆ, ಆದರೆ ಅದು ರಾಗಿಯೋ ಹಿಮವೋ ತಿಳಿಯದು.

ಶಾಲೆಗಳಿಗೆ ಆರ್ಥೊದಿಂದ ಇನ್ನೊಂದು ಅನುಕೂಲ. ಕಡುಗೆಂಪು ದೀಪದಲ್ಲೇ ಅದನ್ನು ತಟ್ಟೆಯಲ್ಲಿ ಸಂಸ್ಕರಿಸಬಹುದು. ಬಿಂಬ ಮೂಡುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಪ್ಯಾನ್ ಫಿಲ್ಮಿಗಾದರೆ ಕಗ್ಗತ್ತಲೆಯೇ ಬೇಕು.