ಪೊಟರೆಯೊಳಗಿನ ಮುಳ್ಳಿಲಿ

ನಮ್ಮ ಬಯಲುಸೀಮೆಯ ಹರದನಹಳ್ಳಿ ಕಡೆಯವರಿಗೆ ಇಲಿ ಎಂದರೆ ಒಂದೋ ರಾಗಿ ಹೊಲದ್ದು, ಇಲ್ಲವೇ ಅಟ್ಟದ್ದು. ಅದನ್ನು ಬೈಯದ ರೈತನಿಲ್ಲ, ಹೊಗಳಿದವರಂತೂ ಮೊದಲೇ ಇಲ್ಲ. ಹೊಳೆನರಸೀಪುರದಿಂದ ಹೇಮಾವತಿಯ ಜಾಡು ಹಿಡಿದು ಗೊರೂರು ದಾಟಿ, ಸಕಲೇಶಪುರದಾಚೆಯ ಘಟ್ಟಸಾಲು ಸೇರಿದರೆ ಇಲಿಗಳ ಲೋಕವೇ ಬೇರೆ. ಕಾಡೆಂದರೆ ಹುಲಿ, ಆನೆ ಎನ್ನುವವರ ನಡುವೆ ನಾನು ಈ ವಾರ ಮುಳ್ಳಿಲಿಯ ಪರ.

ಮಲಬಾರ್ ಮುಳ್ಳಿಲಿ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಶಿವಮೊಗ್ಗದ ಕಡೆಯಿಂದ ಕೊಡಗು, ನೀಲಗಿರಿ ಹಾದು ಕೇರಳದ ದಕ್ಷಿಣದವರೆಗೆ, ಹಳೆಯ ಮಳೆಕಾಡು ಉಳಿದ ಕಡೆಗಳಲ್ಲಿ ಅಲ್ಲಲ್ಲಿ ಬದುಕಿಕೊಂಡಿದೆ. 1859ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟವನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್. ಈ ಕುಲದಲ್ಲಿ ಇಂದು ಉಳಿದಿರುವುದು ಇದೊಂದೇ ಜಾತಿ. ಹತ್ತಿರದ ಬಂಧುಗಳನ್ನು ಹುಡುಕಬೇಕೆಂದರೆ ಚೀನಾ, ವಿಯೆಟ್ನಾಂ ಬೆಟ್ಟಗಳಿಗೇ ಹೋಗಬೇಕು.

ಮೈ ಗೇಣಿಗಿಂತ ಚಿಕ್ಕದು. ಬೆನ್ನ ಮೇಲೆ ಚಪ್ಪಟೆಯಾದ ಮೊನಚು ಮುಳ್ಳುಗಳು, ಅವುಗಳ ನಡುನಡುವೆ ಮೆತ್ತನೆಯ ತುಪ್ಪಳ. ಕಿವಿ ತೆಳ್ಳಗೆ, ಹೆಚ್ಚುಕಡಿಮೆ ಬೋಳು. ಬಾಲ ನೋಡಿದರೆ ಅನುಮಾನವೇ ಉಳಿಯದು: ಬುಡದಲ್ಲಿ ಕೂದಲು ವಿರಳ, ತುದಿಗೆ ಹೋದಂತೆ ಪೊದೆಯಾಗಿ, ಬಾಟಲಿ ತೊಳೆಯುವ ಬ್ರಷ್ಷಿನಂತೆ ಹರಡಿ, ಕೊನೆಯಲ್ಲಿ ಬೆಳ್ಳಗಾಗುತ್ತದೆ.

ಹಗಲೆಲ್ಲ ಮರದ ಪೊಟರೆಯಲ್ಲಿ ನಿದ್ದೆ. ಒಳಗೆ ಎಲೆ, ಪಾಚಿಯ ಹಾಸಿಗೆ. ಕತ್ತಲಾದ ಮೇಲೆ ಕೊಂಬೆಯಿಂದ ಕೊಂಬೆಗೆ ಓಡಾಡಿ ಹಣ್ಣು, ಬೀಜ ತಿನ್ನುತ್ತದೆ. ಮಾಗಿದ ಕರಿಮೆಣಸೆಂದರೆ ಅದಕ್ಕೆ ಆಸೆ. ಹಲಸಿಗೂ ಬಾಯಿ ಹಾಕುತ್ತದೆ, ಸೇಂದಿ ಮಡಕೆಯನ್ನೂ ಬಿಡದು ಎಂಬ ದೂರು ಹತ್ತೊಂಬತ್ತನೇ ಶತಮಾನದ ಬರಹಗಳಲ್ಲೇ ದಾಖಲಾಗಿದೆ.

ನೆಲದಲ್ಲಿ ಬೋನಿಟ್ಟು ಕಾಯುವವರಿಗೆ ಇದು ಸುಲಭಕ್ಕೆ ದಕ್ಕುವುದಿಲ್ಲ. ಮೇಲೆಯೇ ಹುಟ್ಟಿ ಮೇಲೆಯೇ ಬಾಳುವ ಪ್ರಾಣಿಯನ್ನು ಮೇಲೆಯೇ ಹುಡುಕಬೇಕು. ಹಾಗಾಗಿ ರಸಿಕನಾದವನು ಮೊದಲು ನೋಡಬೇಕಾದ್ದು ಇಲಿಯನ್ನಲ್ಲ, ಮರವನ್ನು. ಬುಡ ದಪ್ಪಗಿದ್ದು, ಕೊಂಬೆ ಮುರಿದ ಜಾಗ ಟೊಳ್ಳಾಗಿ, ನೆತ್ತಿ ಪಕ್ಕದ ಮರಗಳಿಗೆ ತಾಗುವಂತಿದ್ದರೆ ಅಲ್ಲಿ ನಿಂತು ಕಾಯುವುದಕ್ಕೆ ಅರ್ಥವಿದೆ.

ಕಷ್ಟ ಇರುವುದೂ ಅಲ್ಲೇ. ಕಾಫಿ ತೋಟದ ಲೆಕ್ಕದಲ್ಲಿ ಟೊಳ್ಳು ಮರ ಕೆಲಸಕ್ಕೆ ಬಾರದ್ದು. ಅದನ್ನು ಕಡಿದು ಆ ಜಾಗಕ್ಕೆ ಸಿಲ್ವರ್ ಓಕ್ ನೆಟ್ಟರೆ ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿಗೂ ಆಸರೆಯಾಗುತ್ತದೆ. ಆದರೆ ಪೊಟರೆ ಬೀಳುವಷ್ಟು ವಯಸ್ಸಾಗಲು ಅದನ್ನು ಬಿಡುವವರು ಯಾರು? ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಮುಳ್ಳಿಲಿಯನ್ನು ಅಪಾಯದ ಅಂಚಿಗೆ ಸರಿಯುತ್ತಿರುವ ಜೀವಿಗಳ ಸಾಲಿಗೆ ಸೇರಿಸಿದ್ದಾರೆ. ಮಳೆಕಾಡು ತುಂಡುತುಂಡಾಗುತ್ತಿರುವುದು ಅದಕ್ಕೆ ದೊಡ್ಡ ಕಾರಣ.

ನಮ್ಮ ಬಯಲುಸೀಮೆಯ ಎಷ್ಟೋ ಮನೆಗಳಿಗೆ ಮಲೆನಾಡಿನ ಕಾಫಿ ತೋಟಗಳಲ್ಲಿ ನೆಂಟರಿದ್ದಾರೆ. ಮುಂದಿನ ಸಲ ಹಬ್ಬಕ್ಕೆ ಹೋದಾಗ ಕಡಿಯಲು ಗುರುತು ಹಾಕಿದ ಹಳೆಯ ಮರ ಕಂಡರೆ ಭಾವನ ಜತೆ ಒಂದಿಷ್ಟು ಜಗಳವಾಡಿ. ಸೌದೆ ಎಲ್ಲಾದರೂ ಸಿಕ್ಕೀತು, ಪೊಟರೆಯನ್ನು ನರ್ಸರಿಯಿಂದ ತಂದು ನೆಡಲಾಗದು.